ಅಕ್ಕಿ ಡಬ್ಬದಲ್ಲಿ ಫೋನು

ಗವಿಪುರದಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಅಕ್ಕನಿಗೂ ಅವರ ಗಂಡನಿಗೂ ಜಗಳವಾದರೆ, ಆಮೇಲಿನದೆಲ್ಲ ನನಗೆ ಬಾಯಿಪಾಠ. ಗಂಡ ಮಾತು ನಿಲ್ಲಿಸಿ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದರು. ಅಕ್ಕ ಬಳೆ ತಿರುವುತ್ತಾ, ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಾ ಫೋನ್ ಮೇಲೆ ಫೋನ್ ಮಾಡುತ್ತಿದ್ದರು. “ಎಲ್ಲಿದೀರಾ, ಅಷ್ಟು ಹೇಳಿ ಸಾಕು.”

ಒಮ್ಮೆ ಗೇಟಿನ ಹತ್ತಿರ ಸಿಕ್ಕಾಗ ಗಂಡ ನನಗೆ ಹೇಳಿದ್ದರು: “ಫೋನ್ ಬಂದಷ್ಟೂ ಉಸಿರು ಕಟ್ಟುತ್ತಮ್ಮ. ಇನ್ನೊಂದ್ ಸುತ್ತು ಹಾಕ್ತೀನಿ.”

ಕೊನೆಗೆ ಅವರು ಮಲ್ಲಿಗೆ ತಂದರೆ ಇಬ್ಬರ ನಗು ಕೆಳಗಿನ ತನಕ ಕೇಳಿಸುತ್ತಿತ್ತು. ಹದಿನೈದು ದಿನಕ್ಕೆ ಮತ್ತೆ ಅದೇ.

ಗಂಡ ಹೀಗೆ ಹೊರಟುಹೋದ ಒಂದು ಸಂಜೆ ಅಕ್ಕ ಕೆಳಗಿಳಿದು ಬಂದು ತಮ್ಮ ಫೋನನ್ನು ನನ್ನ ಕೈಗಿಟ್ಟರು.

“ಏಳು ಗಂಟೆವರೆಗೂ ಇಟ್ಕೋ. ನಾನು ಅತ್ತು ಕೇಳಿದ್ರೂ ಕೊಡ್ಬೇಡ ಕಣೇ. ಅವರಿಗೆ ಫೋನ್ ಮಾಡ್ದೆ ಒಂದ್ ಗಂಟೆ ಇರೋಕಾಗುತ್ತಾ, ನೋಡೇಬಿಡ್ತೀನಿ.”

ನಾನು ಅದನ್ನು ಅಕ್ಕಿ ಡಬ್ಬಕ್ಕೆ ಹಾಕಿ ಮುಚ್ಚಳ ಬಿಗಿದೆ. ಅಕ್ಕ ಮೆಟ್ಟಿಲ ಮೇಲೆ ಕೂತರು. ಎರಡು ಸಲ ಎದ್ದು ನಮ್ಮ ಅಡುಗೆಮನೆ ಬಾಗಿಲವರೆಗೂ ಬಂದು, ನನ್ನ ಮುಖ ನೋಡಿ ವಾಪಸ್ ಹೋದರು.

ಏಳಕ್ಕೆ ಹತ್ತು ನಿಮಿಷವಿರುವಾಗ ಡಬ್ಬದೊಳಗೆ ಫೋನ್ ಬಡಕೊಳ್ಳತೊಡಗಿತು. ತೆಗೆದು ನೋಡಿದರೆ ಗಂಡನ ಹೆಸರು. ಜಗಳವಾಡಿ ಹೋದ ಗಂಡ ತಾವಾಗಿ ಫೋನ್ ಮಾಡಿದ್ದು ಅದೇ ಮೊದಲು. ನಾನು ಓಡಿಹೋಗಿ ಅಕ್ಕನ ಮುಂದೆ ಹಿಡಿದೆ.

ಅಕ್ಕ ಹೆಸರು ನೋಡಿದರು. ಎರಡೂ ಕೈಯಿಂದ ಮೆಟ್ಟಿಲ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡರು.

“ಇನ್ನೂ ಹತ್ ನಿಮಿಷ ಇದೆ,” ಅಂದರು. “ಡಬ್ಬಕ್ಕೆ ಹಾಕು.”