ಕರೆಂಟ್ ಹೋದಾಗ ನಮ್ಮನೆಯ ಹವಳ

ಮುಂಗಾರಿಗೆ ಮುಂಚಿನ ಗಾಳಿಮಳೆ ಹರಿಹರದವರಿಗೆ ಹೊಸದಲ್ಲ. ಸಂಜೆ ಧೂಳೆದ್ದು, ತಗಡುಗಳು ಬಡಿದಾಡಿ, ನಾಲ್ಕು ಹನಿ ಬಿದ್ದು, ಹೋದ ಕರೆಂಟು ಊಟದ ಹೊತ್ತಿಗೆ ಬರುತ್ತದೆ. ಆ ಸಲ ಬರಲಿಲ್ಲ. ಊರಾಚೆ ಸಾಲಾಗಿ ಕಂಬಗಳು ಉರುಳಿವೆ, ನಮ್ಮ ಓಣಿಯ ಟ್ರಾನ್ಸ್‌ಫಾರ್ಮರ್ ಮೇಲೆ ಬೇವಿನ ಮರ ಬಿದ್ದಿದೆ ಎಂದು ಕಿರಾಣಿ ಅಂಗಡಿ ಮುಚ್ಚಿ ಬಂದ ಮಾವ ಹೇಳಿದರು. ನಾನು ಮನೆಯ ಫ್ಯಾನು, ದೀಪಗಳನ್ನೆಲ್ಲ ಆರಿಸಿ, ಇನ್ವರ್ಟರನ್ನು ಪಡಸಾಲೆಯ ಮೀನಿನ ಟ್ಯಾಂಕಿಗೆ ಮಾತ್ರ ಬಿಟ್ಟೆ. ಆ ಸೆಕೆಯಲ್ಲಿ ಎಲ್ಲರೂ ಬೀಸಣಿಗೆ ಹಿಡಿದು ಮಲಗಿದರು.

ಆ ಟ್ಯಾಂಕು ನಮ್ಮ ಮನೆಗೆ ಬಂದದ್ದು ದಾವಣಗೆರೆಯಿಂದ. ಅಲ್ಲಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ನಮ್ಮ ಜೊತೆಗಿದ್ದ ಡಾಕ್ಟರೊಬ್ಬರು ಬೇರೆ ಊರಿಗೆ ಹೋಗುವಾಗ, ಇದನ್ನು ನೋಡಿಕೊಳ್ಳುವ ತಾಳ್ಮೆ ನಿಮಗೊಬ್ಬರಿಗೇ ಇರುವುದು ಎಂದು ಕೊಟ್ಟು ಹೋಗಿದ್ದರು. ಅದರಲ್ಲಿದ್ದದ್ದು ಉಪ್ಪುನೀರು. ಕಲ್ಲುಗಳ ಮೇಲೆ ಬೆಳೆಯುವ ಜೀವಂತ ಹವಳ, ಬೆರಳು ಬೆರಳಾಗಿ ಅಲ್ಲಾಡುವ ಹೂವಿನಂಥ ಅನಿಮೋನ್ ಎಂಬ ಒಂದು ಕಡಲಜೀವಿ, ಅದರೊಳಗೇ ಮಲಗಿ ಏಳುವ ಕಿತ್ತಳೆ ಬಣ್ಣದ ಜೋಡಿ ಮೀನು. ನೀರು ಸದಾ ತಿರುಗುತ್ತಿರಬೇಕು, ತಣ್ಣಗಿರಬೇಕು. ಪಂಪು ನಿಂತರೆ ನೀರಿನಲ್ಲಿ ಉಸಿರು ಮುಗಿಯುತ್ತದೆ, ಅಷ್ಟೇ.

ನಮ್ಮ ಮನೆಯವರು ಲಿಂಗ ಕಟ್ಟಿದವರು. ಮೊಟ್ಟೆ ಕೂಡ ಹೊಸ್ತಿಲು ದಾಟಿ ಒಳಗೆ ಬಂದಿಲ್ಲ. ಆ ಮೀನುಗಳ ಆಹಾರವೋ, ಮಂಜುಗಟ್ಟಿಸಿದ ಸಣ್ಣ ಸಿಗಡಿ. ಹಾಲು ಮೊಸರಿನ ಪಕ್ಕ ಅದನ್ನಿಡುವ ಮಾತು ಬಂದಾಗ ಅತ್ತೆ ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಿದ್ದರು. ಕೊನೆಗೆ ಮಾವ ಒಂದು ಹಳೆಯ ಚಿಕ್ಕ ಫ್ರಿಜ್ ತಂದು ಮಹಡಿ ಮೆಟ್ಟಿಲ ಕೆಳಗಿಟ್ಟರು. ಅತ್ತೆ ಆ ಫ್ರಿಜ್ಜನ್ನಾಗಲಿ ಟ್ಯಾಂಕನ್ನಾಗಲಿ ಮುಟ್ಟುತ್ತಿರಲಿಲ್ಲ. ಆದರೆ ಮಧ್ಯಾಹ್ನ ಅವರು ಅಡ್ಡಾಗುವ ಚಾಪೆ ಬರಬರುತ್ತ ಪಡಸಾಲೆಗೆ ಬಂದಿತ್ತು.

ಬೆಳಿಗ್ಗೆ ಎದ್ದಾಗ ಇನ್ವರ್ಟರ್ ಸತ್ತಿತ್ತು. ಬ್ಯಾಟರಿಯ ಒಂದು ಪುಟ್ಟ ಗಾಳಿಪಂಪು ಇತ್ತು, ಅದನ್ನು ಹಾಕಿದೆ. ಅಷ್ಟು ದೊಡ್ಡ ಟ್ಯಾಂಕಿಗೆ ಅದು ಸಾಲದೆಂದು ಹಾಕುವಾಗಲೇ ಗೊತ್ತಿತ್ತು. ಲ್ಯಾಬಿಗೆ ಫೋನ್ ಮಾಡಿ ರಜೆ ಹೇಳಿದೆ. ನನ್ನ ಗಂಡ ಜನರೇಟರ್ ಹುಡುಕಲು ಬೈಕ್ ತೆಗೆದರು. ಲಗ್ನದ ದಿನಗಳು. ಊರಿನ ಶಾಮಿಯಾನದವರ ಜನರೇಟರುಗಳೆಲ್ಲ ಕಲ್ಯಾಣ ಮಂಟಪಗಳಲ್ಲಿದ್ದವು. ಒಬ್ಬನು, ಭಾನುವಳ್ಳಿಯ ಮದುವೆಗೆ ಕೊಟ್ಟಿದ್ದೇನೆ, ಅಲ್ಲಿ ಎರಡಿವೆ, ಅವರು ಬಿಟ್ಟರೆ ಒಂದನ್ನು ತಗೊಂಡು ಹೋಗಿ ಎಂದನಂತೆ. ಇವರು ಭಾನುವಳ್ಳಿಗೂ ಹೋದರು.

ನಾನು ಸ್ಟೂಲಿನ ಮೇಲೆ ನಿಂತು ಜಗ್ಗಿನಿಂದ ಟ್ಯಾಂಕಿನ ನೀರನ್ನು ಮೊಗೆದು, ಮೇಲಿನಿಂದ ಮತ್ತೆ ಅದಕ್ಕೇ ಸುರಿಯತೊಡಗಿದೆ. ಹಾಗೆ ಸುರಿದರೆ ನೀರಿಗೆ ಒಂದಿಷ್ಟು ಗಾಳಿ ಸೇರುತ್ತದೆ. ಭುಜ ಸೋಲುವ ಹೊತ್ತಿಗೆ ಹಿಂದೆ ಅತ್ತೆ ಬಂದು ನಿಂತಿದ್ದು ಗೊತ್ತಾಯಿತು.

“ಅವು ಉಸ್ರಾಡ್ತಾವೇನು, ಆ ಕಲ್ಲು?”

“ಕಲ್ಲಲ್ಲರೀ ಅತ್ತೆ, ಹವಳ. ಜೀವ ಐತೆ.”

“ಹಂಗಾರೆ ಇಳಿ ಕೆಳಗೆ. ಒಂದೀಟು ಕೂಡು.”

ಒಳಗೆ ಹೋಗಿ ತಮ್ಮದೇ ತಾಮ್ರದ ಚೊಂಬು ತಂದರು. ತಾಮ್ರ ಆಗದು, ಹವಳಕ್ಕೆ ಅದು ವಿಷ ಎಂದೆ. ಅದನ್ನಿಟ್ಟು ಬಂದು ನನ್ನ ಕೈಯಿಂದ ಜಗ್ಗು ತೆಗೆದುಕೊಂಡರು. ಸೆರಗು ಸಿಕ್ಕಿಸಿಕೊಂಡು, ಮೊಣಕೈವರೆಗೆ ಆ ನೀರಿಗೆ ಕೈ ಇಳಿಸಿ ಮೊಗೆದರು. ನಾನು ನೋಡುತ್ತ ಕೂತೆ. ಆಮೇಲೆ ನಾನು, ಮತ್ತೆ ಅವರು. ನಡುವೆ ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು, “ಹೊಳಿ ನೀರು ಬಂದೈತಲ್ರಿ ನಲ್ಲಿಗೆ, ಅದನ್ನೇ ಹಾಕಿ ತುಂಬಿಸ್ರಿ, ಯಾಕ ಹಿಂಗೆ ಒದ್ದಾಡ್ತೀರಿ” ಎಂದಳು. ಉಪ್ಪುನೀರಿನದು ಸಿಹಿನೀರಲ್ಲಿ ಬದುಕಲ್ಲವ್ವ ಎಂದು ಅತ್ತೆಯೇ ಹೇಳಿ ಕಳಿಸಿದರು.

ಬಿಸಿಲೇರಿತು. ನೀರನ್ನು ತಣ್ಣಗಿಡುವ ಯಂತ್ರವೂ ಕರೆಂಟಿನದೇ. ಮಾವ ಐಸ್ ಹುಡುಕಿ ಹೋಗಿ, ಹಣ್ಣಿನ ರಸದ ಅಂಗಡಿಯಿಂದ ಒಂದು ಗಟ್ಟಿಯನ್ನು ಗೋಣಿಯಲ್ಲಿ ಸುತ್ತಿ ತಂದರು. ಒಡೆದು ಬಾಟಲಿಗಳಿಗೆ ತುಂಬಿ ತೇಲಿಬಿಟ್ಟೆ. ಬಾಟಲಿಯೊಳಗೆ ಅದು ಕರಗುವುದು ಕಣ್ಣಿಗೇ ಕಾಣುತ್ತಿತ್ತು.

ಗಂಡ ಬರಿಗೈಯಲ್ಲಿ ಬಂದರು. ಮದುವೆ ಮನೆಯಲ್ಲಿ ಒಂದು ಜನರೇಟರು ಕೆಟ್ಟಿತ್ತು. ಇದ್ದೊಂದರಿಂದ ಬೋರಿನ ನೀರೆತ್ತಿ ಅಡುಗೆ ನಡೆಸುತ್ತಿದ್ದರು. ಹೆಣ್ಣಿನ ತಂದೆ ಕೈಮುಗಿದು ಇವರನ್ನು ಊಟಕ್ಕೆ ಕರೆದರಂತೆ.

“ಅವ್ರು ಊಟಕ್ಕೆ ಕೂಡ್ರಿ ಅಂತಾರೆ. ನಾನು ಮೀನಿಗೆ ಜನರೇಟರ್ ಕೊಡ್ರಿ ಅಂತ ಹೆಂಗೆ ಕೇಳ್ಲಿ? ಬಾಯಿ ಬರ್ಲಿಲ್ಲ ನಂಗೆ.”

ನನಗೆ ಅಳು ಬಂತು. ಆದರೆ ಅವರ ಮೇಲೆ ಸಿಟ್ಟು ಬರಲಿಲ್ಲ. ಆ ಜಾಗದಲ್ಲಿ ನಾನಿದ್ದರೂ ಕೇಳುತ್ತಿರಲಿಲ್ಲ.

ಮಧ್ಯಾಹ್ನ ಅನಿಮೋನ್ ಮುದುಡಿ, ಬಾಯಿ ತೆರೆದುಕೊಂಡು, ಕಲ್ಲಿನಿಂದ ಜಾರಿತು. ಅದು ಸತ್ತರೆ ಸುತ್ತಲಿನದನ್ನೂ ಕೊಲ್ಲುತ್ತದೆ. ಎತ್ತಿ ಬಕೆಟ್ಟಿಗೆ ಹಾಕುವಷ್ಟರಲ್ಲೇ ನೀರು ಗಂಜಿಯಂತೆ ಮಸುಕಾಗಿತ್ತು. ಸೀಸೆಯಲ್ಲಿ ಒಂದಿಷ್ಟು ನೀರು ಹಿಡಿದು ಅಮೋನಿಯಾ ಪರೀಕ್ಷೆ ಮಾಡಿದೆ. ಹಳದಿ ಇರಬೇಕಾದದ್ದು ಕಡುಹಸಿರಾಯಿತು, ನೀರೆಲ್ಲ ವಿಷ. ಲ್ಯಾಬಿನಲ್ಲಿ ಇಂಥ ರಿಪೋರ್ಟು ಎಷ್ಟೋ ನೋಡಿದ್ದೇನೆ. ರೋಗಿಯ ಮನೆಯವರು ಹೇಗಿದೆ ಎಂದು ಕೇಳಿದರೆ ಡಾಕ್ಟರಿಗೆ ತೋರಿಸಿ ಅನ್ನುತ್ತೇನೆ, ಮುಖ ಬೇರೆ ಕಡೆ ತಿರುಗಿಸುತ್ತೇನೆ. ಈಗ ಅತ್ತೆ ಕೇಳಿದರು.

“ಏನಾತು?”

“ಹವಳ ಹೋದ್ವು ಅತ್ತೆ. ಇನ್ನು ನೀರು ಹಾಕೋದು ಬ್ಯಾಡ.”

ಅವರು ಜಗ್ಗು ಕೆಳಗಿಡಲಿಲ್ಲ. “ಮೀನು ಅದಾವಲ್ಲ,” ಎಂದರು.

ಮೀನುಗಳು ಮೇಲ್ಮೈಗೆ ಬಂದು ಬಾಯಿ ಬಿಡುತ್ತಿದ್ದವು. ದಾವಣಗೆರೆಯಲ್ಲಿ ನನ್ನ ಸಹೋದ್ಯೋಗಿಯೊಬ್ಬಳ ಮನೆಯಲ್ಲಿ ಕರೆಂಟಿತ್ತು. ಆದರೆ ಆಕೆಯ ಮನೆಯಲ್ಲಾಗಲಿ, ನನಗೆ ಗೊತ್ತಿದ್ದ ಯಾರ ಮನೆಯಲ್ಲಾಗಲಿ ಉಪ್ಪುನೀರು ಇರಲಿಲ್ಲ. ಸಮುದ್ರ ನಮ್ಮಿಂದ ಘಟ್ಟದಾಚೆ. ಡಬ್ಬಿಯಲ್ಲಿ ಉಳಿದಿದ್ದ ಉಪ್ಪನ್ನು ಶುದ್ಧ ನೀರಿಗೆ ಕದಡಿ, ಇನ್ನೊಂದು ಬಕೆಟ್ಟಿನಲ್ಲಿ ಹೊಸ ನೀರು ಮಾಡಿ, ಜೋಡಿಯನ್ನು ಅದಕ್ಕೆ ಬಿಟ್ಟು, ಗಾಳಿಪಂಪು ಸಿಕ್ಕಿಸಿದೆ. ಹೊಸದಾಗಿ ಕದಡಿದ ನೀರು ಅವಕ್ಕೆ ಒಗ್ಗುವುದು ಕಷ್ಟ. ಬೇರೆ ದಾರಿ ಇರಲಿಲ್ಲ. ಗಂಡ ಕಾರು ತೆಗೆದರು. ಅತ್ತೆ ಕರೆಯದೇ ಬಂದು ಹಿಂದಿನ ಸೀಟಿನಲ್ಲಿ ಕೂತು, ಬಕೆಟ್ಟನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದರು.

ಹೈವೇಯಲ್ಲಿ ಅವರು ಒಂದೇ ಸಲ ಮಾತಾಡಿದ್ದು. “ದೊಡ್ಡದು ಮಗ್ಗಲಾತು ನೋಡು.” ನಾನು ತಿರುಗಿ ನೋಡಿದೆ. ಹೆಣ್ಣು ಮೀನು ಅಡ್ಡ ತೇಲುತ್ತಿತ್ತು. ಅತ್ತೆ ಅದನ್ನು ಬೆರಳಿನಿಂದ ನೆಟ್ಟಗೆ ನಿಲ್ಲಿಸುತ್ತಿದ್ದರು. ಬಿಟ್ಟ ಕೂಡಲೆ ಮತ್ತೆ ಹೊರಳುತ್ತಿತ್ತು. ದಾವಣಗೆರೆ ಮುಟ್ಟುವ ಹೊತ್ತಿಗೆ ಅದನ್ನು ಕರ್ಚೀಫಿನಲ್ಲಿ ಎತ್ತಿ ಮಡಿಲಲ್ಲಿಟ್ಟುಕೊಂಡಿದ್ದರು.

ಉಳಿದೊಂದನ್ನು ಸಹೋದ್ಯೋಗಿಯ ಮನೆಯ ಅಡುಗೆಕಟ್ಟೆಯ ಕೆಳಗಿಟ್ಟು, ಏನೇನು ಮಾಡಬೇಕೆಂದು ಹೇಳಿಕೊಡುತ್ತಿದ್ದಾಗ ಮಾವನ ಫೋನು ಬಂತು. ಅವರ ದನಿಯಲ್ಲಿ ಖುಷಿಯಿತ್ತು.

“ಬಂತವ್ವ ಕರೆಂಟು. ನಿನ್ ಟ್ಯಾಂಕು ಚಾಲೂ ಆತು, ನೀರು ತಿರುಗಾಕ ಹತ್ತೈತೆ.”

ಸರಿ ಮಾವ ಎಂದೆ.

ಮನೆಗೆ ಬಂದಾಗ ಪಂಪುಗಳು ತಮ್ಮ ಪಾಡಿಗೆ ಓಡುತ್ತಿದ್ದವು. ನೀಲಿ ದೀಪ ಹೊತ್ತಿತ್ತು. ಹವಳದ ಮೈಯಿಂದ ಕಳಚಿದ ಚೂರುಗಳು ಮಸುಕು ನೀರಿನಲ್ಲಿ ಸುತ್ತುತ್ತಿದ್ದವು, ಪಡಸಾಲೆಯೆಲ್ಲ ನಾತ. ಮಾವ ಬಾಗಿಲ ಬಳಿ ಏನೂ ತೋಚದೆ ನಿಂತಿದ್ದರು. ಸ್ವಿಚ್ಚನ್ನು ನಾನೇ ಆರಿಸಿದೆ.

ಮರುದಿನ ಭಾನುವಾರ. ಪೈಪು ಹಾಕಿ ನೀರು ಖಾಲಿ ಮಾಡಿದೆವು. ಗಿಡಕ್ಕೆ ಬಿಡೋಣವೆಂದರೆ ಉಪ್ಪುನೀರು, ಕರಿಬೇವು ಸಾಯುತ್ತದೆ. ಎಲ್ಲವೂ ಚರಂಡಿಗೆ ಹೋಯಿತು. ಬೋಳಾದ ಹವಳದ ಕಲ್ಲುಗಳನ್ನು ಗಂಡ ಮಹಡಿಗೆ ಒಯ್ದು ಬಿಸಿಲಿಗೆ ಹರವಿದರು. ಅತ್ತೆ ಕೈಗೆ ಎಷ್ಟು ಸಲ ಸೋಪು ಹಚ್ಚಿದರೂ ವಾಸನೆ ಹೋಗುತ್ತಿಲ್ಲವೆಂದು ಮೂಸಿ ನೋಡಿಕೊಳ್ಳುತ್ತಿದ್ದರು.

ಸೋಮವಾರ ಲ್ಯಾಬಿಗೆ ಹೋದೆ. ಸಹೋದ್ಯೋಗಿ ನನ್ನನ್ನು ಕಂಡು ಮೈಕ್ರೋಸ್ಕೋಪಿನ ಮುಂದಿನಿಂದ ಎದ್ದಳು.

“ನಿನ್ನೆ ಮುಂಜಾನೆನೇ ಹೋತು,” ಎಂದಳು. “ಫೋನಲ್ಲಿ ಹೇಳಾಕಾಗ್ಲಿಲ್ಲ.”

ಸಂಜೆ ಅದನ್ನು ಅತ್ತೆಗೆ ಹೇಳಿದೆ. ಅವರು ಹೆಸರುಬೇಳೆ ಆರಿಸುತ್ತಿದ್ದರು. ಮತ್ತೆ ಅಂಥದ್ದು ತರುತ್ತೀಯಾ ಎಂದು ಕೇಳಿದರು. ಇಲ್ಲ ಎಂದೆ.

“ಬ್ಯಾಡ ಬಿಡು,” ಎಂದರು. “ನಮ್ ಕೈಲಿ ಆಗಲ್ಲ.” ಮೊರದಲ್ಲಿದ್ದ ಬೇಳೆಯನ್ನು ಅತ್ತಿತ್ತ ಸರಿಸುತ್ತ ಬಹಳ ಹೊತ್ತು ಅಲ್ಲೇ ಕೂತಿದ್ದರು. ನಾನು ಎದ್ದು ಹೋಗಿ ಅಡುಗೆಗೆ ನೀರಿಟ್ಟೆ.