ಸೇತುರಾಮರ ಮನೆಯ ಫೋನು

ನಮ್ಮ ಅಂಗಡಿಯಲ್ಲಿ ಮೋಡೆಮ್ ಕೊಳ್ಳುವವರು ಸಾಮಾನ್ಯವಾಗಿ ಬೆಲೆ ಕೇಳಿ, ಮನೆಯಲ್ಲಿ ಮಾತಾಡಿ ಬರುತ್ತೇನೆ ಎಂದು ಜಾರಿಕೊಳ್ಳುತ್ತಾರೆ. ಸೇತುರಾಮರು ಹಾಗೆನ್ನಲಿಲ್ಲ. ಮಾತಾಡಲು ಮನೆಯಲ್ಲಿ ಯಾರೂ ಇರಲಿಲ್ಲ.

ಅವರು ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಪ್ಯಾಟರ್ನ್ ಮಾಸ್ಟರ್. ಐವತ್ತರ ಹತ್ತಿರ ವಯಸ್ಸು, ಪದ್ಮನಾಭನಗರದಲ್ಲಿ ಹನ್ನೊಂದು ವರ್ಷದಿಂದ ಬಾಡಿಗೆ ಮನೆ. ಕಾಲರು, ತೋಳುಗಳ ನಕ್ಷೆಯನ್ನು ಮನೆಯ ಕಂಪ್ಯೂಟರಿನಲ್ಲೇ ಬಿಡಿಸುತ್ತಿದ್ದರು. ಫ್ಯಾಕ್ಟರಿಯಿಂದ ಫೋನ್ ಮಾಡಿದರೆ ಮನೆಯ ಮೋಡೆಮ್ ತಾನೇ ಎತ್ತಬೇಕು, ನಕ್ಷೆ ತಂತಿಯಲ್ಲಿ ಫ್ಯಾಕ್ಟರಿಗೆ ಬರಬೇಕು. ಪರದೇಶದ ಖರೀದಿದಾರರ ಮುಂದೆ ಇದನ್ನು ಮಾಡಿ ತೋರಿಸಿದರೆ ಪ್ಯಾಟರ್ನ್ ವಿಭಾಗ ನಿಮ್ಮದೇ ಎಂದು ಮಾಲೀಕರು ಮಾತು ಕೊಟ್ಟಿದ್ದರು. ಇದು ತೊಂಬತ್ತೆಂಟರ ಮಾತು. ಭಾನುವಾರ ನಾನೇ ಹೋಗಿ ಎಲ್ಲ ಜೋಡಿಸಿದೆ. ಕರೆಂಟ್ ಹೋಗಿ ಬಂದರೂ ಕಂಪ್ಯೂಟರ್ ತಾನಾಗಿ ಏಳುವಂತೆ ಮಾಡಿಟ್ಟೆ.

ಬುಧವಾರ ಮಧ್ಯಾಹ್ನ ಎರಡಕ್ಕೆ ನಮ್ಮ ಜಯನಗರದ ಅಂಗಡಿಗೆ ಅವರ ಫೋನು.

“ಸಾರ್, ನಿಮ್ಮ ಮೋಡೆಮ್ ಕೈಕೊಡ್ತು. ರಿಂಗ್ ಆಗ್ತಾನೇ ಇದೆ, ಎತ್ತುತ್ತಿಲ್ಲ. ಮೂರಕ್ಕೆ ಫಾರಿನ್ನವ್ರು ಬರ್ತಾರೆ.”

ಮಾರಿದ ಮಾಲು ಕೆಟ್ಟಿದೆಯೆಂದು ಅಷ್ಟು ಬೇಗ ಒಪ್ಪುವವನು ನಾನಲ್ಲ.

“ಬೆಳಿಗ್ಗೆ ಹೊರಡುವಾಗ ಏನೇನ್ ಮಾಡಿದ್ರಿ, ಹೇಳಿ.”

“ಗ್ಯಾಸ್ ಆಫ್ ಮಾಡ್ದೆ. ನಲ್ಲಿ ನೋಡ್ದೆ. ಮೈನ್ ಆಫ್ ಮಾಡ್ದೆ. ಬೀಗ...”

ಅಲ್ಲಿಗೆ ನಿಂತರು. ಕರೆಂಟಿಲ್ಲದಿದ್ದರೂ ಟೆಲಿಫೋನು ಬಡಿದುಕೊಳ್ಳುತ್ತದೆ. ಮೋಡೆಮ್ಮಿಗೆ ಆ ಪುಣ್ಯವಿಲ್ಲ.

“ಮನೇಲಿ ಯಾರಾದ್ರೂ...”

“ಯಾರಾದ್ರೂ ಇದ್ದಿದ್ರೆ ಈ ಮೋಡೆಮ್ ಯಾಕ್ ಸಾರ್ ತಗೋತಿದ್ದೆ?”

“ಮೈನ್ ಎಲ್ಲಿದೆ?”

“ಹೊರಗೆ, ಮೀಟರ್ ಪಕ್ಕ.”

“ಮತ್ತೇನ್ ಯೋಚನೆ? ಪಕ್ಕದ ಮನೆಯವ್ರಿಗೆ ಹೇಳಿ, ಹಾಕ್ತಾರೆ.”

“ನಂಬರ್ ಗೊತ್ತಿಲ್ಲ.”

“ಹೆಸರು ಹೇಳಿ, ಡೈರೆಕ್ಟರಿ ನೋಡ್ತೀನಿ.”



“ಗೇಟು ಹಸಿರು ಬಣ್ಣ ಸಾರ್.”

ಡೈರೆಕ್ಟರಿಯಲ್ಲಿ ಗೇಟಿನ ಬಣ್ಣ ಹಾಕುವುದಿಲ್ಲ. ಅವರು ಆಟೋ ಹಿಡಿದು ಮನೆಗೆ ಹೋಗಿ, ನಕ್ಷೆಯನ್ನು ಫ್ಲಾಪಿಯಲ್ಲಿ ತರುವಷ್ಟರಲ್ಲಿ ಖರೀದಿದಾರರು ಹೊರಟುಹೋಗಿದ್ದರು. ವಿಭಾಗ ಇನ್ನೊಬ್ಬರ ಪಾಲಾಯಿತು.

ಹತ್ತು ದಿನ ಬಿಟ್ಟು ಅಂಗಡಿಗೆ ಬಂದರು. ದೂರದಿಂದಲೇ ಮೈನ್ ಹಾಕುವಂಥದ್ದು ಏನಾದರೂ ಇದೆಯೇ ಎಂದು ಕೇಳಿದರು. ಇದ್ದಿದ್ದರೆ ಅವರಿಗೆ ಆಗಲೇ ಮಾರಿರುತ್ತಿದ್ದೆ.

“ಪಕ್ಕದವ್ರ ಹೆಸರು ಕೇಳ್ಕೊಳ್ಳಿ ಸಾರ್. ಅದಕ್ಕಿಂತ ಅಗ್ಗದ ಮಾಲು ನನ್ನ ಹತ್ರ ಇಲ್ಲ.”

“ಭಾನುವಾರ ಹೋಗಿದ್ದೆ,” ಎಂದರು. “ಮನೆ ಖಾಲಿ ಮಾಡಿದಾರೆ. ಟು-ಲೆಟ್ ಬೋರ್ಡ್ ಇತ್ತು. ಇನ್ಯಾರು ಬರ್ತಾರೆ ಅಂತ ಕೇಳೋಕೆ ಅದರಲ್ಲಿರೋ ನಂಬರ್ ಬರ್ಕೊಂಡಿದೀನಿ.”