ಪಿ.ಪಿ. ನಂಬರಿನ ಮುನಿಯಮ್ಮ

ಮೊನ್ನೆ ಜೆ.ಪಿ. ನಗರದ ನಮ್ಮ ಆಫೀಸಿನಲ್ಲಿ ನನ್ನ ಏಜೆಂಟ್ ಬಾಗಿಲಲ್ಲೇ ಸಿಕ್ಕಿಹಾಕಿಕೊಂಡಿತು. ಏಜೆಂಟ್ ಅಂದರೆ ಸೈಟು ಮಾರಿಸುವವನಲ್ಲ. ನನ್ನ ಬದಲು ಇಂಟರ್ನೆಟ್ಟಿಗೆ ಹೋಗಿ ಬೇಕಾದ್ದನ್ನು ಹೆಕ್ಕಿ ತರುವ ಸಾಫ್ಟ್‌ವೇರು. ಆಫೀಸಿನಿಂದ ಇಂಟರ್ನೆಟ್ಟಿಗೆ ಹೋಗುವವರೆಲ್ಲ, ಬಾಗಿಲು ಕಾಯುವ ಪ್ರಾಕ್ಸಿ ಸರ್ವರಿಗೆ ತಾವು ಯಾರೆಂದು ರುಜುವಾತು ಮಾಡಿಯೇ ಹೋಗಬೇಕು. ಅದಕ್ಕೂ ಬಗೆಬಗೆಯ ಪದ್ಧತಿಗಳಿವೆ. ಒಂದರಲ್ಲಿ ಹೆಸರು, ಪಾಸ್‌ವರ್ಡು ಒಪ್ಪಿಸಿದರೆ ಸಾಕು. ಇನ್ನೊಂದರಲ್ಲಿ ಪ್ರಾಕ್ಸಿ ಒಗಟು ಹಾಕುತ್ತದೆ, ಪಾಸ್‌ವರ್ಡನ್ನು ಬಾಯಿಬಿಡದೆ ಬಿಡಿಸಬೇಕು. ಸೋಮಾರಿಯಾದ ನಾನು ಏಜೆಂಟಿಗೆ ನನ್ನ ಹೆಸರನ್ನೇ ಕೊಟ್ಟು ಕಳಿಸಿದ್ದೆ. ಒಂದೇ ಹೆಸರಿನಲ್ಲಿ ಇಬ್ಬರು ಬಂದದ್ದು ಕಂಡು ಪ್ರಾಕ್ಸಿ ನನ್ನನ್ನೂ ಏಜೆಂಟನ್ನೂ ಬಾಗಿಲಲ್ಲೇ ತಡೆಯಿತು.

ನನಗೆ ಮುನಿಯಮ್ಮ ನೆನಪಾದರು.

ಮದುವೆಗೆ ಮುಂಚೆ ಪದ್ಮನಾಭನಗರದಲ್ಲಿ ಅವರ ಮನೆಯ ಮಹಡಿ ರೂಮಿನಲ್ಲಿದ್ದೆ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಬಾಡಿಗೆ ಮನೆ ಬೆಳೆದ ಕುಟುಂಬ. ಫೋನಿದ್ದದ್ದು ಅವರಿಗೆ ಮಾತ್ರ. ಅದೇ ನಂಬರಿನ ಮುಂದೆ ಪಿ.ಪಿ., ಅಂದರೆ ಬೇರೆಯವರ ಫೋನು, ಎಂದು ಬರೆದು ನಾವು ಬಾಡಿಗೆಯವರೆಲ್ಲ ಊರಿಗೆಲ್ಲ ಹಂಚುತ್ತಿದ್ದೆವು; ಕರೆ ಬಂದರೆ ಮುನಿಯಮ್ಮ ಎತ್ತಿ, ಕೆಳಗಿನಿಂದ ಕೂಗಬೇಕು. ಹೆಣ್ಣು ದನಿ ಕೇಳಿದರೆ ಮಾತ್ರ ವಿಚಾರಣೆ ನಡೆಯುತ್ತಿತ್ತು. "ಯಾರಮ್ಮ ನೀನು? ಯಾರ ಮಗಳು?"

ಬನಶಂಕರಿಯ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದ ಶಾರದೆ ನನಗೆ ಬೇಕಾದವಳು. "ಆಫೀಸಿಂದ" ಅಂದುಬಿಡು ಎಂದು ಅವಳಿಗೆ ಹೇಳಿಕೊಟ್ಟೆ. ನಡೆಯಿತು. ಭಾನುವಾರವೂ ಆಫೀಸು ಕರೆಯತೊಡಗಿತು. "ಪಾಪ, ರಜಾನೂ ಕೊಡಲ್ವಾ?" ಎಂದು ಮುನಿಯಮ್ಮ ಮರುಗುತ್ತಿದ್ದರು. ನನ್ನ ಜಾಣತನಕ್ಕೆ ನಾನೇ ಬೀಗುತ್ತಿದ್ದೆ.

ಒಂದು ಸಂಜೆ ಮುನಿಯಮ್ಮ ಕೂಗಲಿಲ್ಲ. ಏದುಸಿರು ಬಿಡುತ್ತ ಮಹಡಿಯನ್ನೇ ಹತ್ತಿ ಬಂದರು.

"ನಿಮ್ಮಾಫೀಸು ಅಳ್ತಾ ಐತೆ. ಬಿರ್ನೆ ಬಾರಪ್ಪ."

ಫೋನಿನಲ್ಲಿ ಶಾರದೆ ಬಿಕ್ಕುತ್ತಿದ್ದಳು. "ನಾಳೆ ಗಂಡಿನ ಕಡೆಯೋರು ತಾಂಬೂಲ ಬದಲಾಯಿಸೋಕೆ ಬರ್ತಿದಾರಂತೆ. ಇವತ್ತೇ ಬಂದು ಅಪ್ಪನ ಹತ್ರ ಮಾತಾಡ್ತೀರೋ ಇಲ್ವೋ?"

ನಾನು ಫೋನಿಟ್ಟೆ. ಮುನಿಯಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಒಂದ್ ಒಳ್ಳೆ ಅಂಗಿ ಆಕ್ಕೊಂಡ್ ಓಗು" ಎಂದರು. ಹೋದೆ. ಮಾವನವರಿಂದ ಬೈಸಿಕೊಂಡೆ. ಆದರೆ ಮರುದಿನದ ತಾಂಬೂಲ ನಿಂತಿತು.

ಇರಲಿ. ಮೊನ್ನೆಯ ಫಜೀತಿಯ ಮರುದಿನ ಏಜೆಂಟಿಗೆ ಅದರದೇ ಹೆಸರು, ಅದರದೇ ಪಾಸ್‌ವರ್ಡು ಮಾಡಿಸಿಕೊಟ್ಟೆ. ಪ್ರಾಕ್ಸಿ ತುಟಿಪಿಟಕ್ಕೆನ್ನದೆ ದಾರಿ ಬಿಟ್ಟಿತು. ಸಂಜೆ ಇದನ್ನೆಲ್ಲ ಶಾರದೆಗೆ ಹೇಳಿ, "ಅವತ್ತು ನೀನು ಅತ್ತಿದ್ದಕ್ಕೆ ಮುನಿಯಮ್ಮ ಕರಗಿದ್ದು" ಎಂದೆ.

ಅವಳು ಚಪಾತಿ ಲಟ್ಟಿಸುತ್ತಲೇ ಹೇಳಿದಳು: "ಅವತ್ತು ನಾನು ಆಫೀಸು ಅನ್ಲೇ ಇಲ್ಲ ಕಣ್ರೀ. ನನ್ನ ಹೆಸರು ಹೇಳಿ, ಅವರನ್ನ ಮದ್ವೆ ಆಗೋಳು ಅಂದೆ."

ಆ ಫೋನು ಬಂದ ಸಂಜೆಯವರೆಗೆ ನಾನು ಅವಳೆದುರು ಮದುವೆಯ ಮಾತನ್ನೇ ಎತ್ತಿರಲಿಲ್ಲ. ನನ್ನ ಮದುವೆ ನಿಶ್ಚಯವಾದ ಸುದ್ದಿ ಮುನಿಯಮ್ಮನಿಗೆ ನನಗಿಂತ ಒಂದು ಮಹಡಿ ಮೊದಲೇ ತಲುಪಿತ್ತು.